ಮಾವನ ಮೂರೆಕರೆ ಚೌಳು

ಬೆಂಗಳೂರಿನಿಂದ ಪುಣೆ ಹೆದ್ದಾರಿ ಹಿಡಿದು ಸುಮಾರು 160 ಕಿ.ಮೀ. ಹೋದರೆ ಹಿರಿಯೂರು. ಅಲ್ಲಿ ವೀಕೆಂಡ್ ಗಾಡಿಗಳೆಲ್ಲ ಎಡಕ್ಕೆ ತಿರುಗುತ್ತವೆ, ವಾಣಿವಿಲಾಸ ಸಾಗರದ ಕಡೆಗೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ, ಬರೋಬ್ಬರಿ 89 ವರ್ಷ ಆದ ಮೇಲೆ. ಆ ವರ್ಷ ನಮ್ಮ ಆಫೀಸಿನ ಅರ್ಧ ಜನ ಅಲ್ಲಿಗೆ ಹೋಗಿ ಸೆಲ್ಫಿ ತೆಗೆದುಕೊಂಡು ಬಂದರು. ನನ್ನ ಬೈಕು ಮಾತ್ರ ಹಿರಿಯೂರಿನಲ್ಲಿ ಯಾವಾಗಲೂ ಬಲಕ್ಕೆ ತಿರುಗುತ್ತೆ. ಚಳ್ಳಕೆರೆ ರಸ್ತೆ. ಆ ಕಡೆ ನನ್ನ ಸೋದರಮಾವನ ಊರು.

ಆ ದಾರಿಯಲ್ಲಿ ನೋಡೋದಕ್ಕೆ ಏನೂ ಇಲ್ಲ ಅಂತ ಎಲ್ಲರೂ ಹೇಳ್ತಾರೆ. ಕೆಂಪು ನೆಲ, ಶೇಂಗಾ ಹೊಲ, ಕುರಿ ಹಿಂಡು, ದೂರದಲ್ಲಿ ಬಂಡೆ ಗುಡ್ಡ. ನಡುನಡುವೆ ಚಿಕ್ಕ ಚಿಕ್ಕ ಸೇತುವೆ, ಕೆಳಗೆ ನೀರಿಲ್ಲದ ಹಳ್ಳ. ಈ ಹಳ್ಳಗಳೆಲ್ಲ ವೇದಾವತಿಗೆ ಸೇರುವಂಥವು. ವರ್ಷದಲ್ಲಿ ನಾಲ್ಕೈದು ಸಲ ಹರಿದರೆ ಹೆಚ್ಚು. ಮುಂದಿನ ಸಲ ಹೋದಾಗ ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ಹಳ್ಳದ ಎರಡೂ ಪಕ್ಕ ನೋಡಿ. ಹಳ್ಳದ ಮರಳಿಗಿಂತ ಎರಡಾಳು ಎತ್ತರದಲ್ಲಿ, ಮೇಜಿನ ಹಾಗೆ ಚಪ್ಪಟೆಯಾದ ನೆಲ ಕಾಣುತ್ತೆ. ಅದರ ಮೇಲೆ ಬೆಳೆ ಇರಲ್ಲ. ಅಲ್ಲೊಂದು ಇಲ್ಲೊಂದು ಬಳ್ಳಾರಿ ಜಾಲಿ, ನಡುವೆ ಬೋಳು ಬೋಳಾದ ಬೂದು ಬಣ್ಣದ ಪಟ್ಟೆ, ಬಿಸಿಲಿಗೆ ಬಿಳಿ ಪುಡಿ ಚೆಲ್ಲಿದಂತೆ ಹೊಳಪು. ಗುಡ್ಡದ ಮೇಲಲ್ಲ, ಹಳ್ಳದ ಪಕ್ಕದಲ್ಲೇ ಇದೆ, ಸಮತಟ್ಟಾಗಿದೆ, ಮಣ್ಣೂ ಆಳವಾಗಿದೆ. ಆದರೂ ಬೆಳೆ ಇಲ್ಲ.

ಅದಕ್ಕೆ ಆ ಕಡೆಯವರು ಹೇಳೋದು ಚೌಳು. ನಮ್ಮಜ್ಜಿ ಸೌಳು ಅಂತಿದ್ದಳು. ಕೆಲವು ಊರಲ್ಲಿ ಕರಲು. ಕೃಷಿ ಪುಸ್ತಕದಲ್ಲಿ ಕ್ಷಾರ ಮಣ್ಣು.

ನಮ್ಮ ಮಾವನಿಗೆ ಇಂಥದ್ದು ಮೂರೆಕರೆ ಇದೆ. ಮೇಲೆ ನಾಲ್ಕೆಕರೆ ಕೆಂಪು ನೆಲ, ಅದರಲ್ಲಿ ಶೇಂಗಾ, ತೊಗರಿ. ಕೆಳಗೆ ಹಳ್ಳದ ಪಕ್ಕ ಚೌಳು, ಅದರಲ್ಲಿ ಏನೂ ಇಲ್ಲ. ಇಷ್ಟು ವರ್ಷ ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈ ಸಲ ಮಾವನ ಮಗ ತಲೆ ಕೆಡಿಸಿಕೊಂಡ. ಅವನಿಗೆ ಇಪ್ಪತ್ತಾರು, ಡಿಪ್ಲೊಮಾ ಮಾಡಿ ತುಮಕೂರಲ್ಲಿ ಎರಡು ವರ್ಷ ಕೆಲಸ ಮಾಡಿ ವಾಪಸ್ ಬಂದಿದ್ದಾನೆ. ಹಿರಿಯೂರು ಕಡೆ ದಾಳಿಂಬೆ ಹಾಕಿದವರನ್ನು ನೋಡಿ ಅವನಿಗೂ ಆಸೆ. ಹೊಸ ಬೋರ್‌ವೆಲ್, ಡ್ರಿಪ್, ಸಸಿ, ಬೇಲಿ ಎಲ್ಲ ಸೇರಿ ಎಂಟು ಲಕ್ಷ ಸಾಲ, ಮೇಲಿನ ಕೆಂಪು ನೆಲ ಅಡ. ದಾಳಿಂಬೆ ಹಾಕೋದು ಮಾತ್ರ ಕೆಳಗಿನ ಚೌಳಿಗೆ, ಯಾಕಂದ್ರೆ ಅದು ಖಾಲಿ ಬಿದ್ದಿದೆ. ಡ್ರಿಪ್ ಮಾರಾಟಕ್ಕೆ ಬಂದವನೊಬ್ಬ ‘ಸರ್, ಡ್ರಿಪ್ ಇದ್ರೆ ಯಾವ ಮಣ್ಣಾದ್ರೂ ಓಕೆ’ ಅಂತ ಹೇಳಿಹೋಗಿದ್ದ. ಮಾವ ನನಗೆ ಫೋನ್ ಮಾಡಿದ್ರು: ‘ಅಳಿಯಾ, ನೀನು ಇಂಜಿನಿಯರು, ಒಂದ್ಸಲ ಬಂದು ನೋಡಪ್ಪ. ನಾ ಹೇಳಿದ್ರೆ ಅವ್ನು ಕೇಳಾಕಿಲ್ಲ.’

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಮಣ್ಣಿಗೂ ನನಗೂ ಇರುವ ಸಂಬಂಧ ಬಾಲ್ಕನಿಯ ತುಳಸಿ ಕುಂಡದಷ್ಟು. ಆದರೂ ಇಲ್ಲ ಅನ್ನೋಕಾಗಲಿಲ್ಲ. ಒಂದು ತಿಂಗಳು ರಾತ್ರಿ ಹೊತ್ತು ಕೂತು ಓದಿದೆ. ಮಾವನಿಗೆ ಹೇಳಿ ಚೌಳಿನ ಮಣ್ಣು, ಹಳೇ ಬೋರಿನ ನೀರು ಎರಡನ್ನೂ ಪರೀಕ್ಷೆಗೆ ಕಳಿಸಿದೆ. ದಸರಾ ರಜೆಗೆ ರಿಪೋರ್ಟ್ ಫೋನಲ್ಲಿಟ್ಟುಕೊಂಡು ಹೊರಟೆ.

ಗುರುವಾರ ರಾತ್ರಿ ಅಲ್ಲಿ ಒಳ್ಳೇ ಮಳೆ ಬಿದ್ದಿತ್ತು. ಶನಿವಾರ ಬೆಳಗ್ಗೆ ಮೂವರೂ ಹೊಲಕ್ಕೆ ಹೋದ್ವಿ. ಮೊದಲು ಮೇಲಿನ ಕೆಂಪು ನೆಲದಲ್ಲಿ ಗುದ್ದಲಿ ಹಾಕಿದ್ರು ಮಾವ. ಒಂದು ಗೇಣಿನವರೆಗೂ ತಂಪು, ಮಣ್ಣು ಹಿಡಿದರೆ ಉಂಡೆ, ಒತ್ತಿದರೆ ಪುಡಿ. ಆಮೇಲೆ ಕೆಳಗೆ ಇಳಿದ್ವಿ. ಅಲ್ಲಿ ಮಳೆ ಬಿದ್ದು ಎರಡು ದಿನ ಆದರೂ ಮೇಲೆ ನೀರು ನಿಂತಿತ್ತು, ಹಾಲು ಹಾಕಿದ ಟೀ ಬಣ್ಣದ ನೀರು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ನನ್ನ ಶೂ ಒಂದೊಂದೂ ಎರಡು ಕೆ.ಜಿ. ಆಯ್ತು. ಅಲ್ಲೇ ಗುದ್ದಲಿ ಹಾಕಿದರೆ ನಾಲ್ಕು ಬೆರಳು ಕೆಸರು, ಅದರ ಕೆಳಗೆ ಒಣಗಿದ ಇಟ್ಟಿಗೆ. ಮಾವ ಗುದ್ದಲಿಯ ಹಿಂಬದಿಯಿಂದ ಬಡಿದರು, ಟಣ್ ಅಂತು. ‘ನೋಡು, ಇದಕ್ಕೆ ನೀರು ಕುಡಿಯಾಕೆ ಬರಲ್ಲ. ಬಾಯಿ ಮುಚ್ಕೊಂಡು ಕುಂತೈತೆ.’

ನಾನು ಓದಿದ್ದರ ಸಾರವೂ ಅದೇ.

ಹಳ್ಳಕ್ಕೆ ಇಳಿದು ದಡವನ್ನು ಪಕ್ಕದಿಂದ ನೋಡಿದರೆ ಈ ನೆಲದ ಹುಟ್ಟು ಗೊತ್ತಾಗುತ್ತೆ. ತೀರಾ ಕೆಳಗೆ ಮರಳು, ನುಣುಪಾದ ಬೆಣಚುಕಲ್ಲು. ಅಂದರೆ ಒಂದು ಕಾಲದಲ್ಲಿ ಹಳ್ಳ ಹರಿಯುತ್ತಿದ್ದ ಮಟ್ಟ ಅದು. ಅದರ ಮೇಲೆ ಸುಣ್ಣದ ಉಂಡೆಗಳು ಸಿಕ್ಕಿಕೊಂಡ ಪದರ, ಕೆಲವು ಗೋಲಿಯಷ್ಟು, ಕೆಲವು ನಿಂಬೆಹಣ್ಣಿನಷ್ಟು. ಅದರ ಮೇಲೆ ಕಪ್ಪು-ಬೂದು ಜೇಡಿ. ಆ ಜೇಡಿ ಬಿರುಕು ಬಿಟ್ಟು ಸಾಲಾಗಿ ಕಂಬ ನಿಲ್ಲಿಸಿದ ಹಾಗೆ ನಿಂತಿದೆ, ಒಂದೊಂದು ಕಂಬದ ತಲೆಯೂ ಗುಂಡಗೆ, ಬಿಳಿ ಟೋಪಿ ಹಾಕಿದ ಹಾಗೆ. ಸೋಡಿಯಂ ತುಂಬಿದ ಜೇಡಿ ಮಣ್ಣು ಪ್ರಪಂಚದ ಬೇರೆ ಕಡೆಯೂ ಹೀಗೆ ಕಂಬ ಕಟ್ಟುತ್ತಂತೆ. ರಷ್ಯಾದವರು ಇದಕ್ಕೆ ಇಟ್ಟ ಸೊಲೊನೆಟ್ಜ್ ಅನ್ನೋ ಹೆಸರನ್ನೇ ಎಲ್ಲರೂ ಬಳಸ್ತಾರೆ.

ನೆರೆ ಬಂದಾಗಲೆಲ್ಲ ನೀರು ಹರಡಿ, ಸಣ್ಣ ಮಣ್ಣು ಕೂತು ಕೂತು ಈ ಬಯಲಾಯ್ತು. ಆಮೇಲೆ ಹಳ್ಳ ತಳವನ್ನು ಕೊರೆದುಕೊಂಡು ಕೆಳಗಿಳಿಯಿತು, ಬಯಲು ಮೇಲೇ ಉಳಿಯಿತು. ಈಗ ಹಳ್ಳ ಹರಿದರೂ ನೀರು ಇದನ್ನು ಮುಟ್ಟಲ್ಲ. ಆದರೆ ಮೇಲಿನ ಇಳಿಜಾರಿನಿಂದ ಮಣ್ಣೊಳಗೆ ಜಿನುಗುವ ನೀರು ಬಂದು ಇಲ್ಲಿ ಸೇರುತ್ತೆ, ಸೇರಿ ಆವಿಯಾಗುತ್ತೆ. ಆ ನೀರು ಬರಿಗೈಯಲ್ಲಿ ಬರಲ್ಲ. ಸುತ್ತಲಿನ ಗ್ರಾನೈಟ್ ಜಾತಿಯ ಬಂಡೆಗಳಲ್ಲಿ ಫೆಲ್ಡ್‌ಸ್ಪಾರ್ ಅನ್ನೋ ಖನಿಜ ಇರುತ್ತೆ. ಅದು ಸವೆಯುವಾಗ ಸೋಡಿಯಂ, ಕ್ಯಾಲ್ಸಿಯಂ ಎರಡೂ ಬೈಕಾರ್ಬೊನೇಟ್ ಜೊತೆ ನೀರಿಗಿಳಿಯುತ್ತವೆ. ಮಲೆನಾಡಾದರೆ ಮಳೆ ಇದನ್ನೆಲ್ಲ ತೊಳೆದು ಸಮುದ್ರಕ್ಕೆ ಒಯ್ಯುತ್ತೆ. ಚಳ್ಳಕೆರೆ ಸೀಮೆಯಲ್ಲಿ ವರ್ಷದ ಮಳೆಯೇ 500 ಮಿ.ಮೀ. ಆಸುಪಾಸು, ಬಿಸಿಲು ಅದರ ಮೂರು ಪಟ್ಟು ನೀರು ಹೀರಲು ರೆಡಿ. ನೀರು ಆರುತ್ತಾ ಬಂದಂತೆ ಮೊದಲು ಕ್ಯಾಲ್ಸಿಯಂ ಸುಣ್ಣದ ಉಂಡೆಯಾಗಿ ಕೂತುಬಿಡುತ್ತೆ. ಹಳ್ಳದ ದಡದಲ್ಲಿ ಕಂಡದ್ದು ಅದೇ. ಉಳಿಯೋದು ಸೋಡಿಯಂ.

ಜೇಡಿ ಕಣ ಅಂದರೆ ತೀರಾ ತೆಳ್ಳಗಿನ ಹಾಳೆ, ಮೈಮೇಲೆ ಋಣ ವಿದ್ಯುದಂಶ. ಕ್ಯಾಲ್ಸಿಯಂಗೆ ಎರಡು ಧನ ವಿದ್ಯುದಂಶ ಇರೋದರಿಂದ ಒಂದು ಕೈಯಲ್ಲಿ ಈ ಹಾಳೆ, ಇನ್ನೊಂದರಲ್ಲಿ ಆ ಹಾಳೆ ಹಿಡಿದು ಗುಂಪು ಕಟ್ಟುತ್ತೆ ಅಂದುಕೊಳ್ಳಿ. ಗುಂಪುಗಳ ನಡುವೆ ಸಂದು, ಸಂದಿನಲ್ಲಿ ನೀರು, ಗಾಳಿ, ಬೇರು. ಸೋಡಿಯಂಗೆ ಒಂದೇ ಕೈ, ಅದರ ಮೇಲೆ ಮೈತುಂಬ ನೀರಿನ ಅಣುಗಳನ್ನು ಸುತ್ತಿಕೊಂಡು ದಪ್ಪಗಾಗಿರುತ್ತೆ. ಹಾಳೆಗಳನ್ನು ಹತ್ತಿರ ಬಿಡಲ್ಲ. ಮಳೆ ಬಿದ್ದ ತಕ್ಷಣ ಹಾಳೆಗಳು ಉಬ್ಬಿ, ಬಿಡಿಬಿಡಿಯಾಗಿ ತೇಲಿ, ಇದ್ದ ಸಂದುಗಳಿಗೇ ಹೋಗಿ ಬಿರಡೆ ಹಾಕುತ್ತವೆ. ಒಣಗಿದರೆ ಸಿಮೆಂಟು. ಲೆಕ್ಕದ ಭಾಷೆಯಲ್ಲಿ, ಜೇಡಿ ಹಿಡಿದುಕೊಂಡಿರುವ ಧನಾಂಶಗಳಲ್ಲಿ ಸೋಡಿಯಂ ಪಾಲು 15 ಶೇಕಡಾ ದಾಟಿದರೆ, ಪಿಎಚ್ 8.5 ದಾಟಿದರೆ ಅದು ಕ್ಷಾರ ಮಣ್ಣು. 1954ರಲ್ಲಿ ಅಮೆರಿಕದ ಲವಣ ಪ್ರಯೋಗಾಲಯ ಹಾಕಿದ ಗೆರೆ ಇದು. ಆಸ್ಟ್ರೇಲಿಯಾದವರು 6 ಶೇಕಡಾಕ್ಕೇ ಎಚ್ಚರಿಕೆ ಗಂಟೆ ಹೊಡೀತಾರೆ. ಮಾವನ ರಿಪೋರ್ಟಿನಲ್ಲಿ ಪಿಎಚ್ 9.3, ಸೋಡಿಯಂ ಪಾಲು 32.

ಒಂದು ಗೊಂದಲ ಮಾತ್ರ ಬಗೆಹರಿಸಿಕೊಳ್ಳಬೇಕು. ಬರೀ ಉಪ್ಪಾದ ಮಣ್ಣು ಬೇರೆ, ಇದು ಬೇರೆ. ತುಂಗಭದ್ರಾ, ಮಲಪ್ರಭಾ ಕಾಲುವೆ ಕೆಳಗೆ ಸವಳು-ಜವಳು ಅಂತಾರಲ್ಲ, ಅಲ್ಲಿ ಸವಳು ಬರೀ ಉಪ್ಪಿನದ್ದಾದರೆ ಒಳ್ಳೇ ನೀರು ಹಾಯಿಸಿ, ಬಸಿಗಾಲುವೆ ಮಾಡಿ ತೊಳೆದು ತೆಗೆಯಬಹುದು. ಚೌಳಿಗೆ ಅದೇ ಔಷಧಿ ಕೊಟ್ಟರೆ ರೋಗ ಹೆಚ್ಚಾಗುತ್ತೆ. ನೀರು ಶುದ್ಧ ಆದಷ್ಟೂ ಜೇಡಿ ಜಾಸ್ತಿ ಕದಡುತ್ತೆ. ಮಳೆನೀರಿಗಿಂತ ಶುದ್ಧ ನೀರು ಎಲ್ಲಿ ಸಿಗುತ್ತೆ?

ಇದನ್ನೆಲ್ಲ ನಾನು ಹಳ್ಳದಲ್ಲಿ ನಿಂತು ಹೇಳ್ತಿದ್ದರೆ ಮಾವನ ಮಗ ಫೋನ್ ನೋಡ್ತಾ ನಿಂತಿದ್ದ. ‘ಭಾವ, ಥಿಯರಿ ಬಿಡು. ಡ್ರಿಪ್‌ನಲ್ಲಿ ಹನಿ ಹನಿ ನೀರು ಕೊಟ್ರೆ ಯಾಕೆ ಇಳಿಯಲ್ಲ?’ ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಬಾಯಲ್ಲಿ ಹೇಳೋದಕ್ಕಿಂತ ತೋರಿಸೋದೇ ವಾಸಿ ಅನ್ನಿಸ್ತು.

ಮನೆಗೆ ಬಂದು ನಾಲ್ಕು ಗಾಜಿನ ಲೋಟ ಕೇಳಿದೆ. ಅತ್ತೆ ಕೊಡೋಕೆ ಮುಂಚೆ ಎರಡು ಸಲ ಯೋಚಿಸಿದ್ರು. ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಮೂರು ಲೋಟಕ್ಕೆ, ಬೋರಿನ ನೀರು ಒಂದಕ್ಕೆ. ಒಣಗಿದ ಮಣ್ಣಿನ ಹರಳು, ತೊಗರಿ ಕಾಳಿಗಿಂತ ಸಣ್ಣದು, ಒಂದೊಂದು ಲೋಟಕ್ಕೆ ಒಂದೊಂದು. ಅಲುಗಾಡಿಸಬಾರದು. ಆಸ್ಟ್ರೇಲಿಯಾದ ಎಮರ್ಸನ್ ಅನ್ನೋ ವಿಜ್ಞಾನಿ 1967ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಅವರು ಬಟ್ಟಿ ಇಳಿಸಿದ ನೀರು ಬಳಸ್ತಾರೆ, ನಮಗೆ ಕ್ಯಾನ್ ನೀರೇ ಸಾಕಾಯ್ತು.

ಕೆಂಪು ಮಣ್ಣಿನ ಹರಳು ಕುಸಿದು ತಳದಲ್ಲಿ ಪುಟ್ಟ ಗುಡ್ಡೆಯಾಗಿ ಕೂತಿತು, ನೀರು ತಿಳಿ. ಚೌಳಿನ ಹರಳಿನ ಸುತ್ತ ಹತ್ತು ನಿಮಿಷದಲ್ಲಿ ಮಂಜಿನ ಹಾಗೆ ಒಂದು ಉಂಗುರ ಎದ್ದಿತು. ಊಟ ಮುಗಿಸಿ ಬರುವಷ್ಟರಲ್ಲಿ ಇಡೀ ಲೋಟ ಬಗ್ಗಡ. ಸಂಜೆಗೂ ಹಾಗೇ, ಮರುದಿನ ಬೆಳಗ್ಗೆಗೂ ಹಾಗೇ. ಬೋರಿನ ನೀರಲ್ಲಿ ಹಾಕಿದ ಚೌಳು ಮಾತ್ರ ಅಷ್ಟು ಕದಡಲಿಲ್ಲ, ಆ ನೀರಿನಲ್ಲೇ ಉಪ್ಪು ಇರೋದರಿಂದ. ಮಾವನ ಮಗನ ಮುಖ ಅರಳಿತು: ‘ನೋಡಿದ್ಯಾ? ಬೋರಿನ ನೀರು ಓಕೆ!’

ನಾನು ಹೆದರಿದ್ದೂ ಇದಕ್ಕೇ. ನೀರಿನ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲೆಕ್ಕ ಕಳೆದು ಉಳಿಯುವ ಕಾರ್ಬೊನೇಟ್ ಅಂತ ಒಂದು ಸಾಲು ಇರುತ್ತೆ. 1.25ರ ಒಳಗಿದ್ದರೆ ಚಿಂತೆ ಇಲ್ಲ, 2.5 ದಾಟಿದರೆ ಆ ನೀರು ಬೇಸಾಯಕ್ಕೆ ಬೇಡ ಅಂತಾರೆ. ಮಾವನ ಹಳೇ ಬೋರಿನದ್ದು 4ರ ಹತ್ತಿರ. ಈ ನೀರು ಮಣ್ಣಿನಲ್ಲಿರೋ ಅಷ್ಟಿಷ್ಟು ಕ್ಯಾಲ್ಸಿಯಂ ಅನ್ನೂ ಸುಣ್ಣ ಮಾಡಿ ಕೂರಿಸಿ, ಜಾಗಕ್ಕೆ ಸೋಡಿಯಂ ತಂದು ಸೇರಿಸುತ್ತೆ. ಬೇಸಿಗೆ ಪೂರ್ತಿ ಡ್ರಿಪ್ ಬಿಟ್ಟಾಗ ಎಲ್ಲ ಚೆನ್ನಾಗಿದೆ ಅನ್ನಿಸುತ್ತೆ. ಆಮೇಲೆ ಜೂನ್‌ನಲ್ಲಿ ಒಂದು ದೊಡ್ಡ ಮಳೆ ಬಂದು ಉಪ್ಪು ತೊಳೆದ ದಿನ ಗಿಡದ ಬುಡದ ಮಣ್ಣು ಈ ಲೋಟದ ಹಾಗೆ ಆಗುತ್ತೆ. ಬೇರಿಗೆ ಗಾಳಿ ಇಲ್ಲ. ದಾಳಿಂಬೆ ಬುಡದಲ್ಲಿ ನೀರು ನಿಂತರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿರಲಿಲ್ಲ, ಪಕ್ಕದೂರಿನ ತೋಟಗಳನ್ನು ನೋಡಿ ಅವನಿಗೇ ಗೊತ್ತಿತ್ತು.

ನಾಲ್ಕನೇ ಲೋಟ ಬಾಕಿ ಇತ್ತಲ್ಲ. ಶೇಂಗಾಗೆ ಹಾಕಿ ಉಳಿದ ಅರ್ಧ ಚೀಲ ಜಿಪ್ಸಂ ಮೂಲೆಯಲ್ಲಿತ್ತು. ಕಾಯಿ ಕಟ್ಟೋಕೆ ಅಂತ ಆ ಕಡೆ ಎಲ್ಲರೂ ಹಾಕ್ತಾರೆ. ಅದರದ್ದು ಒಂದು ಚಿಟಿಕೆ ಆ ಲೋಟದ ನೀರಿಗೆ ಬೆರೆಸಿ ಚೌಳಿನ ಹರಳು ಹಾಕಿದೆ. ಹರಳು ಉದುರಿತು, ನೀರು ಕದಡಲಿಲ್ಲ. ಬಗ್ಗಡ ಎದ್ದ ಎರಡನೇ ಲೋಟಕ್ಕೂ ಮರುದಿನ ಒಂದು ಚಿಟಿಕೆ ಹಾಕಿ ಕಲಕಿದಾಗ ನಿಧಾನಕ್ಕೆ ತಿಳಿಯಾಯ್ತು. ‘ಬಾವಿ ನೀರಿಗೆ ಪಟಿಕ ಹಾಕ್ತಿದ್ವಲ್ಲ, ಹಂಗೇನಾ?’ ಅಂದ್ರು ಅತ್ತೆ. ಹಂಗೇ. ಪಟಿಕದಲ್ಲಿ ಅಲ್ಯೂಮಿನಿಯಂ, ಅದಕ್ಕೆ ಮೂರು ಕೈ.

ಹಾಗಾದರೆ ಮೂರೆಕರೆಗೂ ಜಿಪ್ಸಂ ಹಾಕಿದರಾಯ್ತಲ್ಲ? ಲ್ಯಾಪ್‌ಟಾಪ್ ತೆಗೆದು ಲೆಕ್ಕ ಹಾಕಿದ್ವಿ. ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ಸೋಡಿಯಂ ಪಾಲನ್ನು 32ರಿಂದ 10ಕ್ಕೆ ಇಳಿಸೋಕೆ ಎಕರೆಗೆ ಐದೂವರೆ ಟನ್‌ಗೂ ಮೇಲೆ. ಮೂರೆಕರೆಗೆ ಸುಮಾರು 340 ಚೀಲ. ದುಡ್ಡು ಹೇಗಾದರೂ ಆಗುತ್ತೆ ಅನ್ನಿ. ಆದರೆ ಜಿಪ್ಸಂ ಒಂದು ಲೀಟರ್ ನೀರಿನಲ್ಲಿ ಕರಗೋದು ಎರಡೂವರೆ ಗ್ರಾಮಿಗಿಂತ ಕಡಿಮೆ. ಎಕರೆಗೆ ಬೇಕಾದಷ್ಟನ್ನು ಬರೀ ನೀರಲ್ಲಿ ಕರಗಿಸೋದಕ್ಕೇ 23 ಲಕ್ಷ ಲೀಟರ್ ಬೇಕು. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಆದರೆ 230 ಟ್ಯಾಂಕರ್. ಮಳೆ ಲೆಕ್ಕದಲ್ಲಿ 570 ಮಿ.ಮೀ., ಅಂದರೆ ಒಂದಿಡೀ ವರ್ಷದ ಮಳೆಗಿಂತ ಹೆಚ್ಚು. ಸೋಡಿಯಂ ಇರುವ ಮಣ್ಣಲ್ಲಿ ಜಿಪ್ಸಂ ಇದಕ್ಕಿಂತ ಚುರುಕಾಗಿ ಕರಗುತ್ತೆ, ಅದು ನಿಜ. ಆದರೂ ಬಿಡುಗಡೆಯಾದ ಸೋಡಿಯಂ ಅನ್ನು ಬೇರಿನ ಕೆಳಕ್ಕೆ ತಳ್ಳೋದಕ್ಕೆ ಮತ್ತೆ ನೀರು ಬೇಕು. ಹರಿಯಾಣದ ಕರ್ನಾಲ್‌ನಲ್ಲಿ 1969ರಿಂದ ಇದಕ್ಕಂತಲೇ ಕೇಂದ್ರದ ಸಂಶೋಧನಾ ಸಂಸ್ಥೆ ಇದೆ. ಪಂಜಾಬ್, ಹರಿಯಾಣಗಳಲ್ಲಿ ಜಿಪ್ಸಂ ಹಾಕಿ ಲಕ್ಷಾಂತರ ಎಕರೆ ಭತ್ತ-ಗೋಧಿಗೆ ಬಂದಿದೆ. ಅಲ್ಲಿ ಭತ್ತದ ಗದ್ದೆ ಅಂತ ತಿಂಗಳುಗಟ್ಟಲೆ ನೀರು ನಿಲ್ಲಿಸುತ್ತಾರೆ. ಒಣ ಹಳ್ಳದ ಪಕ್ಕ ಅಷ್ಟು ನೀರು ಎಲ್ಲಿಂದ ತರೋದು? ಯೂಟ್ಯೂಬಿನಲ್ಲಿ ಕ್ಷಾರ ಭೂಮಿ ಸುಧಾರಣೆ ಅಂತ ತೋರಿಸೋ ವಿಡಿಯೋಗಳಲ್ಲಿ ಈ ಒಂದು ಪ್ರಶ್ನೆಗೆ ಉತ್ತರ ಇರೋದು ನಾನು ನೋಡಲಿಲ್ಲ.

ಮಾವನ ಮಗ ಲೆಕ್ಕವನ್ನು ಇನ್ನೊಂದು ಸಲ ತಾನೇ ಹಾಕಿದ. ಆಮೇಲೆ ಎದ್ದು ಹೊರಗೆ ಹೋದ.

ಸಂಜೆ ಮಾವ ನನ್ನನ್ನು ಪಕ್ಕದ ಹೊಲದವರ ಕೃಷಿ ಹೊಂಡ ನೋಡೋಕೆ ಕರೆದುಕೊಂಡು ಹೋದ್ರು. ಅದೂ ಚೌಳಿನಲ್ಲೇ ತೋಡಿದ್ದು. ತೋಡಿದ ಮಣ್ಣನ್ನೇ ಏರಿ ಹಾಕಿದ್ದರು. ಮೊದಲ ಸಲ ತುಂಬಿದ ವಾರದಲ್ಲೇ ಏರಿಯ ನಡುವೆ ಮುಷ್ಟಿ ಗಾತ್ರದ ತೂತು ಬಿದ್ದು, ರಾತ್ರಿ ಬೆಳಗಾಗೋದರೊಳಗೆ ಆಳು ನುಗ್ಗುವಷ್ಟಾಗಿ ಹೊಂಡ ಖಾಲಿ. ಊರವರೆಲ್ಲ ಹೆಗ್ಗಣ ಅಂತಾರೆ. ಹೆಗ್ಗಣ ಇರಬಹುದು. ಆದರೆ ಒಣಗಿ ಸೀಳಿದ ಚೌಳಿನ ಬಿರುಕಿಗೆ ನೀರು ನುಗ್ಗಿದರೆ ಗೋಡೆಯೇ ಕರಗಿ ಕೊಳವೆಯಾಗುತ್ತೆ, ಹೆಗ್ಗಣ ಬೇಕಾಗಿಲ್ಲ. ಹಳ್ಳದ ದಡದುದ್ದಕ್ಕೂ ಅಂಥ ಬಿಲಗಳಿವೆ. ಮೇಲೆ ಒಂದು ಬಾಯಿ, ಎರಡಾಳು ಕೆಳಗೆ ದಡದಲ್ಲಿ ಇನ್ನೊಂದು ಬಾಯಿ. ಹೋದ ವರ್ಷ ಒಂದು ಮೇಕೆಮರಿ ಮೇಲೆ ಬಿದ್ದು ಕೆಳಗೆ ಬಂದಿತ್ತಂತೆ, ಬದುಕಿತ್ತಂತೆ. ಏರಿ ಕಟ್ಟಲೇಬೇಕಾದರೆ ಮಣ್ಣಿಗೆ ಜಿಪ್ಸಂ ಇಲ್ಲವೇ ಸುಣ್ಣ ಬೆರೆಸಿ, ಹದವಾದ ತೇವದಲ್ಲಿ ಚೆನ್ನಾಗಿ ದಮ್ಮಸು ಮಾಡಿ, ಮೇಲೆ ಕೆಂಪು ಮಣ್ಣು ಹೊದಿಸಬೇಕು. ಈ ಕೆಲಸಕ್ಕೆ ಬೇಕಾಗೋ ಜಿಪ್ಸಂ ಹೊಲದ ಲೆಕ್ಕದಷ್ಟಲ್ಲ, ಅದೊಂದೇ ಸಮಾಧಾನ.

ವಾಪಸ್ ಬರುವಾಗ ಮಾವ ಹೇಳಿದ್ದು ಕೇಳಿ ನನಗೆ ಈ ನೆಲದ ಮೇಲೆ ಸ್ವಲ್ಪ ಗೌರವ ಬಂತು. ‘ಬೆಳೆಗೆ ಬರಲ್ಲ ಅಂತ ಬಯ್ತೀರಿ. ನಿಮ್ಮಜ್ಜ ಈ ಚೌಳಿಗೆ ಕಾವಲು ಕಾಯ್ತಿದ್ದ, ಗೊತ್ತಾ?’ ಆ ಸೀಮೆಯ ಹಳೇ ಮನೆಗಳು ಮಾಳಿಗೆ ಮನೆಗಳು. ತೊಲೆ, ಜಂತೆ, ಮೇಲೆ ಕಡ್ಡಿ-ಸೊಪ್ಪು, ಅದರ ಮೇಲೆ ಮಣ್ಣು, ಎಲ್ಲಕ್ಕಿಂತ ಮೇಲೆ ಒಂದು ಪದರ ಚೌಳು. ಮಳೆಯ ಮೊದಲ ಹನಿಗೇ ಚೌಳು ಉಬ್ಬಿ ತನ್ನ ಸಂದುಗಳಿಗೆ ತಾನೇ ಬಿರಡೆ ಹಾಕಿಕೊಳ್ಳುತ್ತೆ, ಉಳಿದ ನೀರೆಲ್ಲ ಜಾರಿ ಹೊರಗೆ. ಹೊಲದಲ್ಲಿ ಬೇಡವಾದ ಗುಣ ತಲೆಯ ಮೇಲೆ ಬೇಕು. ಮುಂಗಾರಿಗೆ ಮುಂಚೆ ಪಕ್ಕದ ಊರುಗಳಿಂದಲೂ ಗಾಡಿ ಕಟ್ಟಿಕೊಂಡು ಬರ್ತಿದ್ರಂತೆ. ಮಡಿವಾಳರು ಬಟ್ಟೆ ಒಗೆಯೋಕೆ ಇದೇ ಮಣ್ಣಿನ ಮೇಲೆ ಏಳುವ ಬಿಳಿ ಪುಡಿ ಗೋರಿಕೊಂಡು ಹೋಗ್ತಿದ್ರು, ಅದರಲ್ಲಿ ಸೋಡಾ ಇರುತ್ತಲ್ಲ.

ಆ ಸೋಡಾಗೆ ಇನ್ನೂ ದೊಡ್ಡ ಕಥೆ ಇದೆ. ಇದೇ ವೇದಾವತಿಯ ಮೇಲ್ಭಾಗದಲ್ಲಿ, ಹೊಸದುರ್ಗ ತಾಲ್ಲೂಕಿನಲ್ಲಿ ಮತ್ತೋಡು ಅಂತ ಊರು. ಟಿಪ್ಪು ಸತ್ತ ಮೇಲೆ, 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಗಾಜಿನ ಬಳೆ ಮಾಡುವ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿದ್ದಾನೆ. ಮರಳು ಕರಗಿ ಗಾಜಾಗಬೇಕಾದರೆ ಸೋಡಾ ಬೇಕು. ಅವರಿಗೆ ಅದು ಸಿಗ್ತಿದ್ದದ್ದು ಸುತ್ತಲಿನ ಸೌಳು ನೆಲದಿಂದ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಳೆ ಆಗ್ತಿದ್ದವು, ಕಪ್ಪಿಗೆ ಗಿರಾಕಿ ಜಾಸ್ತಿ. ಆಮೇಲೆ ಯುರೋಪಿನ ಅಗ್ಗದ ಮಾಲು ಬಂದು ಕುಲುಮೆ ಆರಿದವು. ಇದನ್ನು ಹೇಳಿದಾಗ ಅತ್ತೆ ಕೈಯಲ್ಲಿದ್ದ ಬಳೆ ತಿರುಗಿಸಿ ನೋಡಿಕೊಂಡು ನಕ್ಕರು. ‘ಆ ಕಾಲ್ದಾಗೆ ಇದ್ದಿದ್ರೆ ಮೂರೆಕರೆಗೆ ನಾವೇ ಸಾವ್ಕಾರ್ರು.’

ರಾತ್ರಿ ಊಟಕ್ಕೆ ಕೂತಾಗ ಮಾವನ ಮಗನೇ ಮಾತು ತೆಗೆದ. ದಾಳಿಂಬೆ ಬಿಡಲ್ಲ, ಆದರೆ ಮೇಲಿನ ಕೆಂಪು ನೆಲದಲ್ಲಿ ಒಂದೂವರೆ ಎಕರೆ ಮಾತ್ರ. ಹೊಸ ಬೋರ್ ಬೇಡ, ಕೆಂಪು ನೆಲದ ಮೇಲ್ತುದಿಯಲ್ಲಿ ಹೊಂಡ ತೆಗೆದು ಮಳೆನೀರು ಹಿಡಿದು ಬೋರಿನ ನೀರಿಗೆ ಬೆರೆಸೋದು. ಸಾಲ ಎಂಟರಿಂದ ಮೂರು ಲಕ್ಷಕ್ಕೆ. ಚೌಳಿನಲ್ಲಿ ಹತ್ತು ಗುಂಟೆ ಮಾತ್ರ ಬದು ಹಾಕಿ, ಜಿಪ್ಸಂ ಹರಡಿ, ಕುರಿ ಮಂದೆ ನಿಲ್ಲಿಸಿ, ಮುಂಗಾರಿಗೆ ಡಯಾಂಚ ಬಿತ್ತಿ ನೋಡೋದು. ಮೂರು ವರ್ಷ ನೋಡೋಣ ಅಂದ. ಮಾವ ಮಾತಾಡದೆ ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಅವರ ಲೆಕ್ಕದಲ್ಲಿ ಅದು ಒಪ್ಪಿಗೆ.

ಉಳಿದ ಎರಡೂಮುಕ್ಕಾಲು ಎಕರೆ ಜಾಲಿಗೆ, ಕುರಿಗೆ, ಮಳೆ ಬಂದಾಗ ಮೈದುಂಬುವ ಹುಲ್ಲಿಗೆ. ಭಾನುವಾರ ಬೆಳಗ್ಗೆ ನಾನು ಹೊರಡೋಕೆ ರೆಡಿಯಾಗ್ತಿದ್ದರೆ ಮಾವ ಆಗಲೇ ಒಂದು ಗಾಡಿ ಚೌಳು ಹೇರಿಸಿಕೊಂಡು ಬಂದಿದ್ರು, ಹಳೇ ಮನೆಯ ಮೂಲೆ ಸೋರ್ತಿದೆ ಅಂತ. ಪಕ್ಕದಲ್ಲಿ ಕಟ್ಟಿಸಿದ ಆರ್‌ಸಿಸಿ ಮನೆಯೂ ಸೋರುತ್ತೆ, ಅದಕ್ಕೆ ಹಾಕೋಕೆ ಬರುತ್ತಾ ಅಂತ ಮಾವನ ಮಗ ಕೇಳಿದ. ‘ಅದಕ್ಕೆ ನಿನ್ ಭಾವನ್ನ ಕೇಳು’ ಅಂದು ಮಾವ ಏಣಿ ಹತ್ತಿದರು. ನಾನು ಬುಟ್ಟಿ ಕೊಡೋಕೆ ಕೆಳಗೆ ನಿಂತೆ.